ಏಪ್ರಿಲ್ ಬಿಸಿಲಲ್ಲಿ ಕಪ್ಪೆ ಹುಡುಕುವವರು

ಬೆಳಿಗ್ಗೆ ಒಂದು ಗಣಿ ಯೋಜನೆಯ ಪರಿಸರ ಪರಿಣಾಮ ವರದಿಯಲ್ಲಿ ಪ್ರಾಣಿ-ಕೀಟಗಳ ಪಟ್ಟಿ ನೋಡಿದೆ, ಚಹಾ ಹಾಗೇ ಆರಿಹೋಯ್ತು. ಊರು, ಹೆಸರು ಬೇಡ. ನಮ್ಮ ಜಿಲ್ಲೆಯದ್ದೇ. ಏಪ್ರಿಲ್‌ನಲ್ಲಿ ಎರಡು ದಿನದ ಸಮೀಕ್ಷೆ. ಕೀಟಗಳು: "ಚಿಟ್ಟೆ, ಜೇನು, ಇರುವೆ". ಸಸ್ತನಿಗಳ ಸಾಲಿನಲ್ಲಿ ದನ, ಎಮ್ಮೆ, ನಾಯಿ. ಕಪ್ಪೆ ಒಂದೇ ಜಾತಿ! ಮಳೆಗಾಲದಲ್ಲಿ ಶಿರಸಿ ಕಡೆಯ ಬಚ್ಚಲುಮನೆಯಲ್ಲಿ ಇದಕ್ಕಿಂತ ಹೆಚ್ಚು ಸಿಗ್ತವೆ ಮಾರಾಯ್ರೇ.

ಮಾಡಿದವರು ನಿಯಮವನ್ನೇನೂ ಮುರಿದಿಲ್ಲ. ಗಣಿಯ ಅಧ್ಯಯನಕ್ಕೆ ಸಾಮಾನ್ಯವಾಗಿ ಹಾಕುವ ಷರತ್ತೇ ಹಾಗಿದೆ: ಒಂದು ಋತುವಿನ ಮಾಹಿತಿ ಸಾಕು, ಅದೂ ಮಳೆಗಾಲ ಬಿಟ್ಟು. ಗಾಳಿ, ನೀರು, ಸದ್ದು, ಮಣ್ಣಿನ ಜೊತೆಗೆ ಗಿಡ-ಪ್ರಾಣಿಯನ್ನೂ ಅದೇ ಸಾಲಿಗೆ ಸೇರಿಸಿಬಿಟ್ಟಿದ್ದಾರೆ. ಧೂಳು ಅಳೆಯುವುದಕ್ಕೆ ಬೇಸಿಗೆ ಸರಿ, ಒಪ್ಪಿದೆ. ಮಳೆಯಲ್ಲಿ ಧೂಳೆಲ್ಲಿ? ಆದರೆ ಕಪ್ಪೆ ಧೂಳಿನ ಯಂತ್ರ ನೋಡಿಕೊಂಡು ಕೂಗುವುದಿಲ್ಲವಲ್ಲ.

ಉತ್ತರ ಕನ್ನಡದ ಸಿದ್ದಾಪುರದ ಕತ್ತಲೆಕಾನು ಕಾಡನ್ನೇ ತಗೊಳ್ಳಿ. 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆ ಅಲ್ಲಿಯದು. ಹಳ್ಳದ ನೀರಿನ ಮೇಲೆ ಕಡ್ಡಿಗೆ ಅಂಟಿದ ಮೊಟ್ಟೆಗೆ ಗಂಡು ಕಪ್ಪೆ ಮುಂಗೈಯಲ್ಲಿ ಕೆಸರು ತಂದು ಮೆತ್ತುತ್ತದೆ. ಮಳೆಗಾಲದ ರಾತ್ರಿ, ಟಾರ್ಚ್ ಹಿಡಿದು, ಕಾಲಿಗೆ ಉಂಬಳ ಹತ್ತಿಸಿಕೊಂಡು ನಿಂತವರಿಗೆ ಮಾತ್ರ ಇದು ಕಾಣುವುದು. ಏಪ್ರಿಲ್ ಮಧ್ಯಾಹ್ನ ಹೋದವರಿಗೆ ಒಣ ಕಡ್ಡಿ ಸಿಗುತ್ತದೆ. ಚಿರೆಕಲ್ಲಿನ ಬೋಳು ಗುಡ್ಡಗಳದ್ದೂ ಇದೇ ಕಥೆ. ಬೇಸಿಗೆಯಲ್ಲಿ "ಬರಡು ಭೂಮಿ" ಅಂತ ಬರೆದುಕೊಂಡು ಹೋಗುತ್ತಾರೆ. ಜುಲೈನಲ್ಲಿ ಅದೇ ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು ಏರೋಪ್ಲೇನ್ ಚಿಟ್ಟೆಯ ಮರಿಗಳು, ಗೊದ್ದಮೊಟ್ಟೆಗಳು, ಪಕ್ಕದಲ್ಲೇ ಹುಳ ಹಿಡಿಯುವ ಯೂಟ್ರಿಕ್ಯುಲೇರಿಯಾ ಹೂಗಳು.

ಸಮೀಕ್ಷೆ ಸರಿಯಾಗಿ ಮಾಡುವ ಕ್ರಮ ಏನು ದೇವಲೋಕದ್ದಲ್ಲ. ನೆಲದ ಹುಳ ನಡೆದು ಬಂದು ಬೀಳುವಂತೆ ಪ್ಲಾಸ್ಟಿಕ್ ಲೋಟವನ್ನು ಬಾಯಿ ನೆಲಕ್ಕೆ ಸಮನಾಗಿ ಹುಗಿಯಬೇಕು. ಹತ್ತು ಲೋಟ, ಒಂದರಿಂದ ಒಂದಕ್ಕೆ 10 ಮೀಟರ್. ತಳಕ್ಕೆ ಎರಡು ಬೆರಳಷ್ಟು ಉಪ್ಪುನೀರು, ನಾಲ್ಕು ಹನಿ ಸೋಪು. ಸೋಪು ಹಾಕದಿದ್ದರೆ ಇರುವೆ ನೀರಿನ ಮೇಲೇ ನಡೆದು ಗೋಡೆ ಹತ್ತಿ ಹೋಗುತ್ತದೆ. ಎಲ್ಲ ಕೆಡುವುದು ಲೋಟದ ಬಾಯಿಯಲ್ಲಿ. ಚಿರೆಕಲ್ಲಿನ ನೆಲ ಹಾರೆಗೂ ಬಗ್ಗುವುದಿಲ್ಲ, ಬೇಸತ್ತು ಅರ್ಧಕ್ಕೇ ಬಿಡುತ್ತಾರೆ. ಅಂಚು ನೆಲಕ್ಕಿಂತ ಅರ್ಧ ಸೆಂಟಿಮೀಟರ್ ಮೇಲಿದ್ದರೂ ಸಗಣಿಹುಳ ಗೋಡೆಗೆ ಬಡಿದು ಸುತ್ತಿ ಹೋಗುತ್ತದೆ. ಆಮೇಲೆ ವರದಿಯಲ್ಲಿ "ಕೀಟ ವೈವಿಧ್ಯ ಕಡಿಮೆ"! ಸುತ್ತ ಒದ್ದೆ ಮಣ್ಣು ಮೆತ್ತಿ ಅಂಚು ಸಮ ಮಾಡಿ, ಮೇಲೆ ಮೂರು ಕಲ್ಲಿಟ್ಟು ಹಾಳೆಯ ಮಾಡು ಕಟ್ಟಿದರೆ ಮಳೆಯಲ್ಲೂ 48 ಗಂಟೆ ತಡೆಯುತ್ತದೆ. "ಮಳೆಗಾಲದಲ್ಲಿ ಸಮೀಕ್ಷೆ ಆಗೋದಿಲ್ಲ ಸಾರ್" ಅನ್ನುವವರಿಗೆ ನನ್ನ ಉತ್ತರ ಅಡಿಕೆ ಹಾಳೆ.

ಪತಂಗಕ್ಕೆ ಬಿಳಿ ಬಟ್ಟೆ, ಎದುರಿಗೆ ದೀಪ, ಅಮಾವಾಸ್ಯೆಯ ಆಚೀಚೆ. ಬೆಳದಿಂಗಳಲ್ಲಿ ಬರುವುದೇ ಕಡಿಮೆ. ಗಣಿಯ ಫ್ಲಡ್‌ಲೈಟ್ ಕಣ್ಣಿಗೆ ಬೀಳುವಲ್ಲಂತೂ ಬಟ್ಟೆ ಕಟ್ಟಲೇಬಾರದು, ಪತಂಗವೆಲ್ಲ ಅಲ್ಲೇ ಸುತ್ತುತ್ತಿರುತ್ತದೆ. ಚಿಟ್ಟೆಗೆ ಬಿಸಿಲೇರಿದ ಮೇಲೆ, ಒಂಬತ್ತರಿಂದ ಹನ್ನೊಂದರೊಳಗೆ, ಒಂದೇ ದಾರಿ, ಒಂದೇ ವೇಗದ ನಡಿಗೆ, ಎಡಬಲ ಎರಡೂವರೆ ಮೀಟರ್ ಒಳಗಿದ್ದದ್ದು ಮಾತ್ರ ಲೆಕ್ಕ. ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಹಾರುತ್ತ ಕಾಣದಿದ್ದರೆ "ಇಲ್ಲ" ಅಂತ ಬರೆಯುವ ಮೊದಲು ಈಶ್ವರಿ ಬಳ್ಳಿಯ ಎಲೆ ಮಗುಚಿ ನೋಡಿ, ಹುಳು ಬೆಳೆಯುವುದು ಅಲ್ಲಿ. ಗಣಿಯ ಗುಂಡಿಯ ಅಂಚಿನಿಂದ 50, 200, 500 ಮೀಟರ್‌ನಲ್ಲಿ ಹೀಗೇ ಮಾಡಿ, ಹೋಲಿಸಿ ನೋಡಲು ಧೂಳು ಬೀಳದ, ಇಂಥದ್ದೇ ಕಾಡಿನ ಇನ್ನೊಂದು ಜಾಗದಲ್ಲೂ ಮಾಡಬೇಕು. ಆ ಇನ್ನೊಂದು ಜಾಗ ಇಲ್ಲದ ಪಟ್ಟಿ ಯಾತಕ್ಕೆ ಬಂತು?

"ಎಲ್ಲ ಹುಳದ ಹೆಸರು ಯಾರಿಗೆ ಗೊತ್ತಿರುತ್ತೆ?" ಅಂತ ಕೇಳುವಿರಿ. ನನಗೂ ಗೊತ್ತಿಲ್ಲ. ಸಗಣಿಹುಳಗಳಲ್ಲಿ ಅರ್ಧಕ್ಕರ್ಧ ನನಗೆ ಬರೀ "ಸಗಣಿಹುಳ 1, ಸಗಣಿಹುಳ 2". ಹಾಗೆ ಬರೆದರೂ ಸಾಕು, ತಿಳಿದವರು ಮುಂದೆ ಹೆಸರು ಕೊಡುತ್ತಾರೆ. ಆದರೆ ಹುಳ ಶೀಶೆಯಲ್ಲಿರಬೇಕು, 70 ಪರ್ಸೆಂಟ್ ಆಲ್ಕೋಹಾಲ್‌ನಲ್ಲಿ. ಚೀಟಿ ಒಳಗೇ ಇರಲಿ, ಪೆನ್ಸಿಲ್‌ನಲ್ಲಿ ಬರೆದದ್ದು. ಪೆನ್ನಿನ ಶಾಯಿ ಆಲ್ಕೋಹಾಲ್‌ಗೆ ಕರಗಿ ಶೀಶೆಯೆಲ್ಲ ನೀಲಿಯಾಗುತ್ತದೆ. ಕಾಡಿನೊಳಗೆ ಇದೆಲ್ಲ ಮಾಡಲು ಅರಣ್ಯ ಇಲಾಖೆಯ ಅನುಮತಿ ಮೊದಲೇ ಬೇಕು, ಮರೆಯಬೇಡಿ.

ಇಂಥ ವರದಿಯ ಮೇಲೆ ಊರವರ ಮಾತು ಕೇಳುವ ಸಾರ್ವಜನಿಕ ವಿಚಾರಣೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಈ ಸಲ ಹೋಗುವವರು ಭಾಷಣ ಬಿಡಿ. ಲೋಟ ಹುಗಿದ ಜಾಗದ ಜಿಪಿಎಸ್, ದಿನಾಂಕ, ಗಂಟೆ, ಪೆನ್ಸಿಲ್ ಚೀಟಿ ಇರುವ ಶೀಶೆ, ಇಷ್ಟನ್ನು ಮೇಜಿನ ಮೇಲಿಡಿ ಅಂತ ಕೇಳಿ.