ಓದದ ಫೈಲಿಗೆ ಸಾರಾಂಶ ಬರೆದ ಸಹಾಯಕ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಡಿ.ಟಿ.ಪಿ. ಅಂಗಡಿ ಇದೆ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಝೆರಾಕ್ಸ್ ಯಂತ್ರ, ಇಷ್ಟೇ ಬಂಡವಾಳ. ಲಗ್ನಪತ್ರಿಕೆ, ಬಾಡಿಗೆ ಕರಾರು, ವಕೀಲರ ಕರಡು ಎಲ್ಲವೂ ಬರುತ್ತವೆ. ಆದರೆ ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರನ್ನು ಬಿಟ್ಟುಕೊಟ್ಟು ಕಟ್ಟಿಕೊಂಡ ಊರು ಇದಾದ್ದರಿಂದ ಭೂಸ್ವಾಧೀನ ಮತ್ತು ಪರಿಹಾರದ ಕಾಗದಗಳೇ ಹೆಚ್ಚು. ಕೆಲವು ತಿಂಗಳುಗಳಿಂದ, ಬರವಣಿಗೆಯ ತಂತ್ರಾಂಶದ ಬಲಬದಿಯಲ್ಲಿ ಬಂದು ಕೂತಿರುವ ಎಐ ಸಹಾಯಕನನ್ನೂ ಕೆಲಸಕ್ಕೆ ಹಚ್ಚಿದ್ದೇನೆ. ಅದು ಫೈಲ್ ತೆರೆಯಲು ನಿರಾಕರಿಸಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಅದರ ನಿರಾಕರಣೆಗಿಂತ ಹೆಚ್ಚು ಭಯಪಡಬೇಕಾದದ್ದು ಬೇರೆಯೇ ಇದೆ ಎಂಬುದು ಕಳೆದ ವಾರ ತಿಳಿಯಿತು. ಅದನ್ನು ನನ್ನಂತೆಯೇ ಟೈಪಿಂಗ್ ಕೆಲಸದಲ್ಲಿರುವವರಿಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಬೀಳಗಿ ತಾಲ್ಲೂಕಿನ ಒಂದು ಹಳ್ಳಿಯ ಹಿರಿಯರು ಬಂದಿದ್ದರು. 1894ರ ಭೂಸ್ವಾಧೀನ ಕಾಯ್ದೆಯ ಕಲಂ 18ರ ಅಡಿಯಲ್ಲಿ ಹೆಚ್ಚಿನ ಪರಿಹಾರ ಕೇಳಿ 2009ರಲ್ಲಿ ಟೈಪ್ ಮಾಡಿಸಿದ್ದ ಅರ್ಜಿಯ ಫೈಲನ್ನು ಅವರ ಮಗ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ. ಹನ್ನೊಂದು ಪುಟ. ಅದರಲ್ಲಿರುವ ಸರ್ವೆ ನಂಬರುಗಳು, ಕ್ಷೇತ್ರ, ತಾರೀಖುಗಳನ್ನು ಒಂದು ಕೋಷ್ಟಕಕ್ಕೆ ತಂದು, ಹೊಸ ಅರ್ಜಿಗೆ ಜೋಡಿಸಬೇಕಿತ್ತು. ಕೈಯಿಂದ ಮಾಡಿದರೆ ಒಂದೂವರೆ ತಾಸಿನ ಕೆಲಸ. ಸಹಾಯಕನಿಗೆ ಹೇಳಿದೆ. ‘ಈ ಫೈಲನ್ನು ಪ್ರವೇಶಿಸಲು ಸಾಧ್ಯವಾಗುತ್ತಿಲ್ಲ’ ಎಂದಿತು.

ಏಕೆ ಎಂದು ಅದನ್ನೇ ಕೇಳಿದೆ. ಇಂಟರ್ನೆಟ್ ನೋಡಿಕೊಳ್ಳಿ, ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಿ, ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿ, ಆ್ಯಂಟಿವೈರಸ್ ನಿಲ್ಲಿಸಿ ಪ್ರಯತ್ನಿಸಿ ಎಂದು ಒಂದು ಪಟ್ಟಿಯನ್ನೇ ಕೊಟ್ಟಿತು. ಪಟ್ಟಿ ನೋಡಿದರೆ ಬಹಳ ತಿಳಿದವರು ಕೊಟ್ಟಂತಿತ್ತು. ಅದರಲ್ಲಿ ಒಂದೂ ನನ್ನ ತೊಂದರೆಗೆ ಸಂಬಂಧಿಸಿರಲಿಲ್ಲ. ಕಾರಣ ಸರಳ. ಆ ಸಹಾಯಕ ನನ್ನ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಎಲ್ಲೋ ದೂರದ ಸರ್ವರ್‌ನಲ್ಲಿ ಇರುತ್ತದೆ. ನನ್ನ ತಂತ್ರಾಂಶ ಫೈಲಿನೊಳಗಿನ ಪಠ್ಯವನ್ನು ತೆಗೆದು ಅದರ ಕೈಗೆ ಕೊಟ್ಟರಷ್ಟೇ ಅದಕ್ಕೆ ಏನಾದರೂ ಕಾಣುತ್ತದೆ. ಕೊಡಲಿಲ್ಲ ಎಂಬುದು ಅದಕ್ಕೆ ಗೊತ್ತಾಗಬಹುದು, ಏಕೆ ಕೊಡಲಿಲ್ಲ ಎಂಬುದು ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಗೊತ್ತಿಲ್ಲದಿದ್ದರೂ ಪಟ್ಟಿ ಕೊಡುವ ಚಟವನ್ನು ಮಾತ್ರ ಅದು ಬಿಡುವುದಿಲ್ಲ. ಆ್ಯಂಟಿವೈರಸ್ ನಿಲ್ಲಿಸಿ ಎಂಬ ಸಲಹೆಯನ್ನಂತೂ ದಯವಿಟ್ಟು ಯಾರೂ ಪಾಲಿಸಬೇಡಿ. ದಿನಕ್ಕೆ ಇಪ್ಪತ್ತು ಜನರ ಪೆನ್‌ಡ್ರೈವ್ ಚುಚ್ಚುವ ನಮ್ಮಂಥ ಅಂಗಡಿಗಳಲ್ಲಿ ಅದು ರಾತ್ರಿ ಬಾಗಿಲು ತೆರೆದಿಟ್ಟು ಮಲಗಿದಂತೆ.

ಹೀಗಾಗಿ ನಾನೇ ಒಂದೊಂದಾಗಿ ನೋಡುತ್ತ ಹೋದೆ. ಮೊದಲನೆಯದು ಮೇಲ್ಭಾಗದ ಹಳದಿ ಪಟ್ಟಿ. ಇಂಟರ್ನೆಟ್‌ನಿಂದ ಇಳಿದ ಫೈಲಿಗೆ ವಿಂಡೋಸ್ ಒಂದು ಗುರುತು ಹಚ್ಚುತ್ತದೆ, ಆ ಗುರುತು ಕಂಡೊಡನೆ ವರ್ಡ್ ಅದನ್ನು ಪ್ರೊಟೆಕ್ಟೆಡ್ ವ್ಯೂನಲ್ಲಿ, ಅಂದರೆ ಬರೀ ನೋಡುವಂತೆ ತೆರೆಯುತ್ತದೆ. ಕಳಿಸಿದವರು ಯಾರೆಂದು ಖಾತ್ರಿಯಿದ್ದರೆ ಮಾತ್ರ ‘ಎನೇಬಲ್ ಎಡಿಟಿಂಗ್’ ಒತ್ತಬೇಕು, ನಾನು ಒತ್ತಿದೆ. ಎರಡನೆಯದು ಫೈಲಿನ ಮಾದರಿ. 2007ರಲ್ಲಿ ಬಂದ ಡಾಕ್ಎಕ್ಸ್ ಅಲ್ಲ, ಅದಕ್ಕೂ ಹಿಂದಿನ ಡಾಕ್. ಹಳೆಯ ಮಾದರಿಯ ಫೈಲಿಗೆ ಆಟೊಸೇವ್, ಅಂದರೆ ಬರೆದದ್ದನ್ನು ತಾನಾಗಿ ಉಳಿಸುವ ಸೌಲಭ್ಯ, ಕೆಲಸ ಮಾಡುವುದಿಲ್ಲ, ನನ್ನ ಸಹಾಯಕನಿಗೋ ಆಟೊಸೇವ್ ಇಲ್ಲದಿದ್ದರೆ ಮುನಿಸು. ಸೇವ್ ಆ್ಯಸ್ ಮಾಡಿ ಹೊಸ ಮಾದರಿಗೆ ತಂದೆ. ಇವೆರಡೂ ಎರಡು ನಿಮಿಷದ ಕೆಲಸ.

ಮೂರನೆಯದರಲ್ಲಿ ನನ್ನ ಮಾನ ಹೋಯಿತು. ಹೊಸ ಫೈಲನ್ನು ಮುಚ್ಚುವ ಮೊದಲೇ ಕರೆಂಟು ಹೋಯಿತು. ನಮ್ಮಲ್ಲಿ ಮಧ್ಯಾಹ್ನದ ಕರೆಂಟು ಹೇಳಿಕೇಳಿ ಹೋಗುವುದಿಲ್ಲ, ಯುಪಿಎಸ್ ಬ್ಯಾಟರಿಗೂ ವಯಸ್ಸಾಗಿದೆ. ಮರಳಿ ಬಂದಾಗ ಪರದೆ ಹೇಳಿತು: ಈ ಫೈಲನ್ನು ಬೇರೊಬ್ಬರು ತೆರೆದಿದ್ದಾರೆ, ತಿದ್ದಲು ಆಗುವುದಿಲ್ಲ. ಬೇರೊಬ್ಬರು ಯಾರು ಎಂದು ನೋಡಿದರೆ ನನ್ನದೇ ಹೆಸರು! ವರ್ಡ್ ಒಂದು ಫೈಲನ್ನು ತೆರೆದಾಗ ಅದೇ ಫೋಲ್ಡರಿನಲ್ಲಿ ಮರೆಯಾಗಿರುವ ಪುಟ್ಟ ಫೈಲೊಂದನ್ನು ಸೃಷ್ಟಿಸುತ್ತದೆ. ಅದರ ಹೆಸರು ~$ ಎಂಬ ಗುರುತಿನಿಂದ ಶುರುವಾಗುತ್ತದೆ, ತೆರೆದವರ ಹೆಸರು ಅದರೊಳಗೆ ಇರುತ್ತದೆ. ಸರಿಯಾಗಿ ಮುಚ್ಚಿದರೆ ಅದು ತಾನಾಗಿ ಅಳಿಯುತ್ತದೆ, ಕರೆಂಟು ಹೋದರೆ ಹಾಗೇ ಉಳಿದುಬಿಡುತ್ತದೆ. ನಾನು ಎದ್ದುಹೋದ ಮೇಲೂ ನನ್ನ ಚಪ್ಪಲಿ ಬಾಗಿಲಲ್ಲಿ ಉಳಿದಿದ್ದರಿಂದ, ಒಳಗೆ ಯಾರೋ ಇದ್ದಾರೆಂದು ನನ್ನನ್ನೇ ಹೊರಗೆ ನಿಲ್ಲಿಸಿದಂತಾಯಿತು. ಎರಡನೆಯ ಕಂಪ್ಯೂಟರಿನಲ್ಲಿ ಆ ಫೈಲ್ ನಿಜಕ್ಕೂ ತೆರೆದಿಲ್ಲವೆಂದು ಖಾತ್ರಿ ಮಾಡಿಕೊಂಡು, ವರ್ಡ್ ಪೂರ್ತಿ ಮುಚ್ಚಿ, ಹಿಡನ್ ಫೈಲುಗಳನ್ನು ಕಾಣುವಂತೆ ಮಾಡಿ, ಆ ಮರಿ ಫೈಲನ್ನಷ್ಟೇ ಅಳಿಸಿದೆ. ಅವಸರದಲ್ಲಿ ಮೂಲ ಫೈಲನ್ನೇ ಅಳಿಸಿದವರನ್ನು ನಾನು ಬಲ್ಲೆ.

ಹೆಸರಿನ ಉದ್ದವೂ ಒಂದು ತೊಡಕಾಯಿತು. ವಿಂಡೋಸ್‌ನಲ್ಲಿ ಡ್ರೈವಿನ ಅಕ್ಷರದಿಂದ ಹಿಡಿದು ಫೈಲಿನ ಬಾಲದವರೆಗೆ ಇಡೀ ವಿಳಾಸಕ್ಕೆ 260 ಅಕ್ಷರಗಳ ಹಳೆಯ ಮಿತಿ ಇದೆ. ಅದನ್ನು ಸಡಿಲಿಸುವ ಅವಕಾಶ 2016ರಲ್ಲಿ ಬಂದರೂ ಎಲ್ಲ ತಂತ್ರಾಂಶಗಳೂ ಅದನ್ನು ಮಾನ್ಯ ಮಾಡುವುದಿಲ್ಲ. ನನ್ನ ಫೋಲ್ಡರುಗಳೋ ತಾಲ್ಲೂಕು, ಹೋಬಳಿ, ಹಳ್ಳಿ, ಯೋಜನೆ, ಅರ್ಜಿದಾರರ ಪೂರ್ಣ ಹೆಸರು ಎಂದು ಒಂದರೊಳಗೊಂದು ಇಳಿಯುತ್ತ ಹೋಗುತ್ತವೆ. ಕನ್ನಡದಲ್ಲಿ ಹೆಸರಿಟ್ಟವರು ಇನ್ನೊಂದನ್ನೂ ಗಮನಿಸಬೇಕು. ‘ಕೃಷ್ಣಾ’ ನಮ್ಮ ಕಣ್ಣಿಗೆ ಎರಡೇ ಅಕ್ಷರ; ಕಂಪ್ಯೂಟರಿಗೆ ಅದು ಕ, ವಟ್ರಸುಳಿ, ಷ, ವಿರಾಮ, ಣ, ದೀರ್ಘ ಎಂದು ಆರು. ‘ಮೇಲ್ದಂಡೆ’ಗೆ ಎಂಟು. ಹೀಗಾಗಿ ಕೃಷ್ಣಾ ಮೇಲ್ದಂಡೆ ಯೋಜನೆಯ ಹೆಸರನ್ನು ಪೂರ್ತಿ ಬರೆದು ಫೋಲ್ಡರ್ ಮಾಡಿದವನು ಅರಿವಿಲ್ಲದೆ ಮಿತಿಯ ಅಂಚಿಗೆ ಬಂದಿರುತ್ತಾನೆ. ಫೈಲನ್ನು ಡೆಸ್ಕ್‌ಟಾಪಿಗೆ ತಂದು ಚಿಕ್ಕ ಹೆಸರಿಟ್ಟೆ.

ಇಷ್ಟಾದರೂ ಸಹಾಯಕ ಒಪ್ಪಲಿಲ್ಲ, ಫೈಲ್ ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್‌ನಲ್ಲಿರುವ ಸಂಗ್ರಹದಲ್ಲಿ, ಇರಬೇಕು ಎಂದಿತು. ಇಲ್ಲಿ ನಾನು ಕೈ ತಡೆದೆ. ಆ ಅರ್ಜಿಯಲ್ಲಿ ಹಿರಿಯರ ಹೆಸರು, ವಿಳಾಸ, ಬ್ಯಾಂಕ್ ಖಾತೆಯ ಸಂಖ್ಯೆ, ಅಣ್ಣತಮ್ಮಂದಿರ ಪಾಲಿನ ವಿವರ ಎಲ್ಲ ಇವೆ. ಸಹಾಯಕ ಕೊಟ್ಟ ಇನ್ನೊಂದು ಸಲಹೆಯಂತೂ, ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು ಎಂಬಂತೆ ಅನುಮತಿ ಬದಲಿಸಿ ಎಂಬುದಾಗಿತ್ತು. ಎರರ್ ಹೋಗಲಾಡಿಸಲು ಅದು ಖಂಡಿತ ಸುಲಭದ ಉಪಾಯ. ಆದರೆ ಬೀಗ ತೆಗೆಯುತ್ತಿಲ್ಲವೆಂದು ಬಾಗಿಲನ್ನೇ ಕಿತ್ತಿಡುವ ಉಪಾಯ. ಹಿರಿಯರಿಗೆ ವಿಷಯ ಬಿಡಿಸಿ ಹೇಳಿದೆ. ಖಾತೆ ಸಂಖ್ಯೆ ತೆಗೆದು ಹಾಕು, ಉಳಿದದ್ದಕ್ಕೆ ಅಡ್ಡಿಯಿಲ್ಲ ಎಂದರು. ಹಾಗೆಯೇ ಮಾಡಿ, ನನ್ನೊಬ್ಬನಿಗಷ್ಟೇ ಕಾಣುವಂತೆ, ಸಹಾಯಕ ಯಾವ ಖಾತೆಯಲ್ಲಿದೆಯೋ ಅದೇ ಖಾತೆಯ ಕ್ಲೌಡ್‌ಗೆ ಹಾಕಿದೆ. ಅಂಗಡಿಗೊಂದು, ಮನೆಗೊಂದು ಖಾತೆ ಇಟ್ಟುಕೊಂಡವರು ಎಡವುವುದು ಹೆಚ್ಚಾಗಿ ಇಲ್ಲಿಯೇ: ಸಹಾಯಕ ಒಂದು ಖಾತೆಯಲ್ಲಿ, ಫೈಲ್ ಇನ್ನೊಂದರಲ್ಲಿ.

ಕೊನೆಗೂ ಎರರ್ ಹೋಯಿತು. ಕೋಷ್ಟಕಕ್ಕೆ ಮೊದಲು ಸಾರಾಂಶ ಕೇಳಿದೆ, ಕ್ಷಣಾರ್ಧದಲ್ಲಿ ಅಂದವಾದ ಸಾರಾಂಶ ಬಂತು. ಹಿರಿಯರಿಗೆ ಓದಿ ಹೇಳತೊಡಗಿದೆ. ಗೋದಾಮಿನ ಬಾಡಿಗೆಯ ಬಾಕಿಗೆ ಸಂಬಂಧಿಸಿದ ಪತ್ರ ಇದು ಎಂದು ಶುರುವಾಗಿತ್ತು.

‘ನಮ್ದು ಗೋದಾಮ ಎಲ್ಲೈತೋ ತಮ್ಮಾ?’ ಎಂದರು ಹಿರಿಯರು.

ಮುಂದೆ ಓದಿದರೆ ಸರ್ವೆ ನಂಬರುಗಳೆಲ್ಲ ಬಿಲ್ ನಂಬರುಗಳಾಗಿದ್ದವು, ಎಕರೆ ಗುಂಟೆಗಳು ಹಣದ ಮೊತ್ತವಾಗಿದ್ದವು. ಅಂಕಿಗಳು ಮಾತ್ರ ಸರಿ, ಅವುಗಳ ಸುತ್ತಲಿನ ಕಥೆ ಪೂರ್ತಿ ಕಟ್ಟಿದ್ದು. ಹೇಗಾಯಿತು ಎಂದು ನೋಡಲು ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡಿನಲ್ಲಿ ಅಂಟಿಸಿದೆ, ತಕ್ಷಣ ಹೊಳೆಯಿತು. 2009ರಲ್ಲಿ ನಾವೆಲ್ಲ ಟೈಪ್ ಮಾಡುತ್ತಿದ್ದಂತೆ ಅದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿತ್ತು. ಆ ವಿಧಾನದಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಫೈಲಿನೊಳಗೆ ಇರುವುದು ರೋಮನ್ ಲಿಪಿಯ ಅಕ್ಷರಗಳು. ‘ಕನ್ನಡ’ ಎಂಬ ಪದವನ್ನೇ ಹಾಗೆ ಬಿಚ್ಚಿ ನೋಡಿದರೆ, ಪಿ ಎಂಬ ಅಕ್ಷರ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಕೊನೆಗೆ ಮತ್ತೊಮ್ಮೆ ಅದೇ ಎ. ಇದನ್ನು ಕನ್ನಡವಾಗಿ ತೋರಿಸುವುದು ಅಕ್ಷರಶೈಲಿಯ ಚಿತ್ರಗಳು ಮಾತ್ರ. ಸಹಾಯಕನ ಕೈಗೆ ಚಿತ್ರ ಹೋಗುವುದಿಲ್ಲ, ಸಂಕೇತ ಹೋಗುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಓಣಿ 1991ರಿಂದಲೂ ಇದೆ, ವಿಂಡೋಸ್ ಎಕ್ಸ್‌ಪಿಯ ಜೊತೆಗೇ ತುಂಗಾ ಎಂಬ ಯೂನಿಕೋಡ್ ಅಕ್ಷರಶೈಲಿ ಬಂದಿತ್ತು. ಆದರೆ ನಾವು ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿರಲಿಲ್ಲ, ಹೀಗಾಗಿ ಹಳೆಯ ವಿಧಾನದಲ್ಲೇ ಉಳಿದೆವು. ಕನ್ನಡ ಗಣಕ ಪರಿಷತ್ತಿನ ನುಡಿ ನನಗೆ ಅನ್ನ ಕೊಟ್ಟಿದೆ, ಅದನ್ನು ನಾನು ಆಡಿಕೊಳ್ಳಲಾರೆ.

ನನ್ನ ತಕರಾರು ಸಹಾಯಕನ ವರ್ತನೆಯ ಬಗ್ಗೆ. ತೆರೆಯಲಾಗದಾಗ ತೆರೆಯಲಾಗಲಿಲ್ಲ ಎಂದು ಐದು ಸಲ ಹೇಳಿದ್ದು ಅದರ ಪ್ರಾಮಾಣಿಕತೆಯಾಗಿತ್ತು. ಆ ಐದು ಎರರ್‌ಗಳಿಂದ ನನಗಾದ ನಷ್ಟ ಮುಕ್ಕಾಲು ಗಂಟೆ. ಆರನೆಯ ಸಲ ಅದು ಓದಿದಂತೆ ನಟಿಸಿತು. ಹಿರಿಯರು ಎದುರಿಗೆ ಇಲ್ಲದಿದ್ದರೆ, ಸಾರಾಂಶದ ಬದಲು ಬರೀ ಕೋಷ್ಟಕ ಕೇಳಿದ್ದರೆ, ಎಕರೆ ಗುಂಟೆಯ ಜಾಗದಲ್ಲಿ ಬೇರೇನೋ ಇರುವ ಅರ್ಜಿ ವಕೀಲರ ಕೈ ಸೇರುತ್ತಿತ್ತು. ಫೈಲ್ ತೆರೆಯುವುದು ಬೇರೆ, ಒಳಗಿರುವುದು ಅರ್ಥವಾಗುವುದು ಬೇರೆ. ಮೊದಲನೆಯದಕ್ಕೆ ಎರರ್ ಸಂದೇಶ ಇದೆ, ಎರಡನೆಯದಕ್ಕೆ ಇಲ್ಲ. ಇಂಥ ಸಹಾಯಕನನ್ನು ಕಟ್ಟುವವರು ಸರಿಪಡಿಸಬೇಕಾದದ್ದು ಎರಡನೆಯದನ್ನು ಎಂಬುದು ನನ್ನ ಅಭಿಪ್ರಾಯ. ಹಿರಿಯರು ಇದನ್ನೇ ಇನ್ನೂ ಸರಳವಾಗಿ ಕೇಳಿದರು: ‘ಓದಾಕ ಬರೂದಿಲ್ಲಂದ್ರ ಬರೂದಿಲ್ಲ ಅನ್ನಬೇಕು. ಕಥಿ ಯಾಕ ಕಟ್ಟತೈತಿ?’

ಈಗ ಯಾವ ಫೈಲ್ ಕೊಟ್ಟರೂ, ಕೆಲಸ ಹೇಳುವ ಮೊದಲು ಅದರ ಮೊದಲ ಸಾಲು ಮತ್ತು ಕೊನೆಯ ಸಾಲನ್ನು ಇದ್ದಂತೆಯೇ ಬರೆದು ತೋರಿಸು ಎನ್ನುತ್ತೇನೆ. ನಿಜಕ್ಕೂ ಓದಿದ್ದರೆ ತೋರಿಸುತ್ತದೆ; ಇಲ್ಲದಿದ್ದರೆ ತಡವರಿಸುತ್ತದೆ ಅಥವಾ ಮೂಲದಲ್ಲಿ ಇಲ್ಲದ ಸಾಲು ಬರುತ್ತದೆ, ಅದು ಕಣ್ಣಿಗೆ ಕೂಡಲೇ ಬೀಳುತ್ತದೆ.

ಅಂದಿನ ಅರ್ಜಿಯನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡ್‌ಗೆ ತಂದೆ. ಅಲ್ಲಿಯೂ ಅರ್ಕಾವತ್ತು ಕಾಡಿತು: ಹಳೆಯ ವಿಧಾನದಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಪರಿವರ್ತಿಸುವಾಗ ಅಕ್ಷರಕ್ಕಿಂತ ಮೊದಲಿಗೆ ತರಬೇಕು. ತರದ ಕಡೆಗಳಲ್ಲಿ ‘ಸರ್ವೆ’ ಎಂಬುದು ‘ಸವೆರ್’ ಆಗಿತ್ತು. ಅವನ್ನು ಕೈಯಿಂದ ತಿದ್ದಿ ಮತ್ತೆ ಸಹಾಯಕನಿಗೆ ಕೊಟ್ಟಾಗ ಮೊದಲ ಸಾಲು, ಕೊನೆಯ ಸಾಲು ಎರಡೂ ಸರಿಯಾಗಿ ಬಂದವು, ಕೋಷ್ಟಕವೂ ಬಂತು. ಹಿರಿಯರು ಒಪ್ಪಲಿಲ್ಲ. ಚೀಲದಿಂದ ಜಮೀನಿನ ಉತಾರಗಳನ್ನು (ಪಹಣಿಗಳನ್ನು) ತೆಗೆದು ಮೇಜಿನ ಮೇಲೆ ಹರವಿ, ‘ಒಂದೊಂದ ನಂಬರ ಹೇಳ, ನಾ ತಾಳೆ ಹಾಕ್ತೇನಿ’ ಎಂದರು. ಏಳು ಉತಾರಗಳಿದ್ದವು. ಏಳನ್ನೂ ಓದಿದೆ.