ಮೂರನೆಯ ಎಳೆತ

ಬಾಗಿಲಿಗೆ ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗುವುದು ನನ್ನ ರೂಢಿ. ಮೊದಲನೆಯ ಎಳೆತ ಬೀಗ ಬಿದ್ದಿದೆಯೇ ಎಂದು ನೋಡಲು. ಎರಡನೆಯದು, ಮೊದಲು ನೋಡಿದ್ದು ಸರಿಯೇ ಎಂದು ಖಾತ್ರಿ ಮಾಡಿಕೊಳ್ಳಲು. ಮೂರನೆಯದು ಏಕೆಂದು ಯಾರೂ ಕೇಳಿರಲಿಲ್ಲ. ಮೊನ್ನೆ ನಾನೇ ಕೇಳಿಕೊಂಡೆ. ಗ್ರಹಚಾರ ಶುರುವಾದದ್ದು ಅಲ್ಲಿಂದಲೇ.

ನನಗೆ ನಂಬಿಕೆಯಿಲ್ಲದ್ದು ಬೀಗದ ಮೇಲೋ, ನನ್ನ ಕೈಯ ಮೇಲೋ, ಕಣ್ಣಿನ ಮೇಲೋ ಎಂದು ಗಾಢವಾಗಿ ಚಿಂತಿಸುತ್ತಾ ಮೆಟ್ಟಿಲಿಳಿದೆ. ಆ ಚಿಂತನೆಯ ಭರದಲ್ಲಿ ಬೀಗದ ಕೈ ಬೀಗದಲ್ಲೇ ಉಳಿಯಿತು. ಸಂಜೆ ಬಂದಾಗ ಗೊಂಚಲು ಅಲ್ಲೇ ನೇತಾಡುತ್ತಿತ್ತು. ಒಳಗೆ ಒಂದು ಚಮಚವೂ ಕಳುವಾಗಿರಲಿಲ್ಲ. ಅದೂ ಒಂದು ರೀತಿಯ ಅವಮಾನವೇ ಅನ್ನಿ.

ಇದಕ್ಕೆ ವಿಜ್ಞಾನದ ಸಮಜಾಯಿಷಿಯೂ ಇದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದರೆ ಮಿದುಳು ಅದರ ಉಸ್ತುವಾರಿಯನ್ನು ತನ್ನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗಕ್ಕೆ ಬಹುಮಟ್ಟಿಗೆ ವಹಿಸಿಬಿಡುತ್ತದೆ. ರೂಢಿಯಾದ ಕೆಲಸಕ್ಕೆ ಗಮನದ ಖರ್ಚು ಕಡಿಮೆ ಎಂದು ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿದ್ದರು. ಹಾಗೆ ಉಳಿತಾಯವಾದ ಗಮನವನ್ನು ನನ್ನಂಥವರು ಎಲ್ಲಿ ಸುರಿಯುತ್ತಾರೆಂದು ಅವರು ಊಹಿಸಿರಲಿಕ್ಕಿಲ್ಲ. ತನ್ನ ಪಾಡಿಗೆ ಬರೆಯುತ್ತಿದ್ದ ಗುಮಾಸ್ತನ ಬೆನ್ನ ಹಿಂದೆ ಮೇಲಧಿಕಾರಿ ಬಂದು ನಿಂತರೆ ಕೈ ತಡವರಿಸುತ್ತದಲ್ಲ, ರೂಢಿಯ ಕೆಲಸವನ್ನು ಕಣ್ಣಿಟ್ಟು ನೋಡಿದರೂ ಅದೇ ಗತಿ. ಮರುದಿನ ಶೂ ಲೇಸ್ ಕಟ್ಟುವಾಗ ಯಾವ ಕುಣಿಕೆ ಮೊದಲು ಬರುತ್ತದೆಂದು ಗಮನಿಸಲು ಹೋದೆ. ಎಡಗೈಯಲ್ಲೊಂದು ಕುಣಿಕೆ, ಬಲಗೈಯಲ್ಲೊಂದು ತುದಿ; ಮುಂದಿನದು ಎರಡು ಕೈಗಳಿಗೂ ಗೊತ್ತಿಲ್ಲ. ಕೊನೆಗೆ ಚಪ್ಪಲಿ ಮೆಟ್ಟಿ ಹೊರಟೆ.

ಆದರೂ ವಿಚಾರಣೆ ನಿಲ್ಲಿಸಲಿಲ್ಲ. ಲಿಫ್ಟಿನ ಗುಂಡಿಯಲ್ಲಿ ಒಮ್ಮೆ ದೀಪ ಹೊತ್ತಿದರೆ ಕರೆ ಮುಟ್ಟಿದಂತೆ. ಆಮೇಲೆ ಎಷ್ಟು ಒತ್ತಿದರೂ ಅದು ಬೇಗ ಬರುವುದಿಲ್ಲವೆಂದು ಬಲ್ಲೆ. ಬಲ್ಲವನಾಗಿಯೂ ಟಪಟಪನೆ ಒತ್ತುತ್ತೇನೆ. ಸೂಕ್ಷ್ಮವಾಗಿ ನೋಡಿದಾಗ ತಿಳಿಯಿತು: ಒಬ್ಬನೇ ಇರುವಾಗ ಒಂದೇ ಸಲ ಒತ್ತುತ್ತೇನೆ. ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ಮಾತ್ರ ನನಗೆ ಎಲ್ಲಿಲ್ಲದ ಅವಸರ. ಹೋಗುವುದಕ್ಕೆ ಅಂಥ ಜಾಗವೇನೂ ಇರುವುದಿಲ್ಲ; ಬಿಡುವಿಲ್ಲದ ಮನುಷ್ಯನಂತೆ ಕಾಣಿಸಿಕೊಳ್ಳಬೇಕು, ಅಷ್ಟೇ.

ಬೀಗದ ಗುಟ್ಟೂ ಹೊರಬಿತ್ತು. ನಮ್ಮಪ್ಪ ಹೀಗೆಯೇ ಜಗ್ಗುತ್ತಿದ್ದರು. ಅವರ ಕಾಲದ ಬೀಗ ಹಳೆಯದು, ಮೂರನೆಯ ಎಳೆತಕ್ಕೆ ನಿಜಕ್ಕೂ ಕಳಚಿಕೊಳ್ಳುತ್ತಿತ್ತು. ಆ ಬೀಗ ಗುಜರಿಗೆ ಹೋಯಿತು, ಎಳೆತ ಮಾತ್ರ ಪಿತ್ರಾರ್ಜಿತವಾಗಿ ನನಗೆ ಬಂತು.

ಈ ಸಂಶೋಧನೆಗಳನ್ನೆಲ್ಲ ಹೆಂಡತಿಯ ಮುಂದೆ ಹೆಮ್ಮೆಯಿಂದ ಹರಡಿದೆ. ಆಕೆ ಬಟ್ಟೆ ಮಡಚುತ್ತಲೇ ಕೇಳಿಸಿಕೊಂಡಳು.

"ಅದೆಲ್ಲ ಸರಿ. ಯಾರು ಏನೇ ಹೇಳಲಿ, ನೀವು 'ಹಾಗಲ್ಲ' ಎಂದೇ ಮಾತು ಶುರು ಮಾಡುತ್ತೀರಲ್ಲ, ಅದು ಯಾವ ಲೆಕ್ಕಕ್ಕೆ?"

ನಾನು ಬಾಯಿ ತೆರೆದು, ಮುಚ್ಚಿದೆ.

"ಏಕೆ ಸುಮ್ಮನಾದಿರಿ?"

"ಬೇರೆ ಪದ ಹುಡುಕುತ್ತಿದ್ದೇನೆ."