ಕಿಲುಬಿಗೂ ಒಂದು ರೇಟು ಉಂಟು

ನಮ್ಮ ಬಚ್ಚಲುಮನೆಯಲ್ಲಿ ಒಂದು ತಾಮ್ರದ ಹಂಡೆ ಇತ್ತು. ಹೊರಗೆ ಮಸಿ, ಒಳಗೆ ಬಿಸಿನೀರು. ಗೀಸರ್ ಬಂದ ವರ್ಷ ಅದನ್ನು ಗುಜರಿಯವನಿಗೆ ಕೊಟ್ಟೆವು. ತಕ್ಕಡಿಗೆ ಹಾಕುವ ಮೊದಲು ಅವನು ಹಂಡೆಯ ಹೊಟ್ಟೆಗೆ ಎರಡು ಸಲ ತಟ್ಟಿದ. "ಮಸಿಯ ತೂಕ ಕಳೆಯಬೇಕು" ಅಂದ. ನಾವೂ ಒಪ್ಪಿದೆವು. ಮಸಿಗೆ ಯಾರು ದುಡ್ಡು ಕೊಡುತ್ತಾರೆ, ಅಲ್ವಾ?

ಕೊಡುತ್ತಾರೆ ಮಾರಾಯ್ರೆ. ಮೊನ್ನೆ ಉಡುಪಿಯಿಂದ ಮಣಿಪಾಲದ ಕಡೆ ಹೋಗುವಾಗ ಮಳೆ ಬಂತು ಅಂತ ಒಂದು ಆಂಟಿಕ್ ಅಂಗಡಿಗೆ ನುಗ್ಗಿದೆ. ಬಾಗಿಲ ಬಳಿಯೇ ಅಂಥದ್ದೇ ಹಂಡೆ. ಮಸಿ ಸಮೇತ. ಒಳಗೆ ಮನಿ ಪ್ಲಾಂಟ್. ಬೆಲೆ 18 ಸಾವಿರ. "ತೊಳೆದು ಕೊಡ್ತೀರಾ?" ಅಂತ ಕೇಳಿದೆ. ಅಂಗಡಿಯವರು ನಾನೇನೋ ದೇವರ ಮೇಲೆ ಕಾಲಿಟ್ಟ ಹಾಗೆ ನೋಡಿದರು.

"ತೊಳೆದರೆ ಮುಗೀತು ಸರ್. ಇದರ ವ್ಯಾಲ್ಯೂ ಇರೋದೇ ಮಸಿಯಲ್ಲಿ."

ಹಿತ್ತಾಳೆಯದ್ದೂ ಇದೇ ಕತೆ. ಹುಣಿಸೆಹುಳಿ, ಬೂದಿ, ತೆಂಗಿನ ನಾರು ಹಿಡಿದು ಕಿಲುಬಿನ ವಿರುದ್ಧ ಹೋರಾಡಿಯೇ ನಮ್ಮ ಅಜ್ಜಿಯಂದಿರ ಆಯುಷ್ಯ ಕಳೆಯಿತು. ದೀಪದ ಕಂಬದ ಸಂದಿಯಲ್ಲಿ ಒಂದು ಚೂರು ಹಸಿರು ಕಂಡರೆ ಸೊಸೆಗೆ ಇಡೀ ದಿನ ಮಂಗಳಾರತಿ. ಈಗ ಅದೇ ಹಸಿರಿಗೆ ಪ್ಯಾಟಿನಾ ಅಂತ ಹೆಸರು. ನನಗೆ ಗೊತ್ತಿರುವ ಒಬ್ಬರು ಕಿಲುಬು ಹಿಡಿದ ಗಿಂಡಿಯೊಂದನ್ನು 4 ಸಾವಿರ ಕೊಟ್ಟು ತಂದರು. ಮನೆಕೆಲಸದವಳು, ಪಾಪ, ಅಕ್ಕನಿಗೆ ಖುಷಿಯಾಗಲಿ ಅಂತ ಹುಳಿ ಹಾಕಿ ಫಳಫಳ ತಿಕ್ಕಿಟ್ಟಳು. ಗಿಂಡಿ ಹೊಳೆಯಿತು, ಅಕ್ಕ ಅತ್ತರು.

ಹಾಗಂತ ನಾನು ಈ ಅಂಗಡಿಗಳ ವೈರಿಯಲ್ಲ. ನಿಜ ಹೇಳಬೇಕೆಂದರೆ ಅಂಟಿಕೊಂಡವನು. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯುವ ಆ ವಾಸನೆ, ಹಳೆ ಬೀಟೆ ಮರ, ಗೆದ್ದಲಿನ ಮದ್ದು, ಮಳೆಗಾಲದ ಪುಸ್ತಕ ಎಲ್ಲ ಸೇರಿದ್ದು, ಅದಕ್ಕೇ ಅರ್ಧ ಮನಸ್ಸು ಸೋಲುತ್ತದೆ. ಉಪ್ಪಿನಕಾಯಿ ಭರಣಿಯ ಹಿಂದೆ ಲಾಟೀನು, ಲಾಟೀನಿನ ಹಿಂದೆ ಅಡಕತ್ತರಿ, ಅದರಡಿಯಲ್ಲಿ ಬೀಗವಿಲ್ಲದ ಬೀಗದಕೈಗಳ ಒಂದು ದೊಡ್ಡ ಗೊಂಚಲು. ಯಾವ ಮನೆಯ ಯಾವ ಕೋಣೆಯದ್ದೋ. ಒಂದು ರೇಡಿಯೋದ ಹಿಂದೆ ಕೈ ಹಾಕಿದರೆ ಅದರ ಲೈಸೆನ್ಸ್ ಪುಸ್ತಕ ಸಿಕ್ಕಿತು. ಒಂದು ಕಾಲದಲ್ಲಿ ಅಂಚೆ ಕಚೇರಿಯಲ್ಲಿ ಸಾಲಲ್ಲಿ ನಿಂತು ದುಡ್ಡು ಕಟ್ಟಿದರೇ ವಾರ್ತೆ ಕೇಳುವ ಹಕ್ಕು. ರೇಡಿಯೋಗೆ ಬೇರೆ ರೇಟು, ಲೈಸೆನ್ಸಿಗೆ ಬೇರೆ ರೇಟು. ಒಟ್ಟಿಗೆ ಕೊಡುವುದಿಲ್ಲವಂತೆ.

ಅವತ್ತು ನಾನು ಕೊಂಡದ್ದು ಒಂದು ಸೇರು. ಅಕ್ಕಿ ಅಳೆಯುವ ಹಿತ್ತಾಳೆಯ ಸೇರು. ಅಂಚು ಸವೆದು ನುಣುಪಾಗಿತ್ತು, ಹೊಟ್ಟೆಯ ಮೇಲೆ ಸರಕಾರಿ ಮುದ್ರೆಯ ಗುರುತು. ತಿರುಗಿಸಿ ನೋಡಿದರೆ ತಳ ಒಳಕ್ಕೆ ತಗ್ಗಿದೆ. ಬಿದ್ದು ತಗ್ಗಿದ್ದಲ್ಲ. ಸುತ್ತಿಗೆ ಹಿಡಿದು, ನಡುವಿನಿಂದ ಸುತ್ತಲೂ, ಸಾವಧಾನವಾಗಿ ತಗ್ಗಿಸಿದ್ದು. ಕೊಡುವುದಕ್ಕೊಂದು ಸೇರು, ತಗೊಳ್ಳುವುದಕ್ಕೊಂದು ಸೇರು ಅಂತ ಹಳಬರು ಹೇಳುತ್ತಿದ್ದರಲ್ಲ, ಇದು ಕೊಡುವುದಕ್ಕೆ ಇಟ್ಟದ್ದು. ಪ್ರತಿ ಸಲ ಒಂದು ಮುಷ್ಟಿ ಅಕ್ಕಿ ಧಣಿಯ ಕಡೆಗೆ.

"ತಳ ಯಾಕೆ ಹೀಗೆ?" ಅಂದೆ.

"ಕೈಕೆಲಸ ಸರ್. ಪೂರ್ತಿ ಹ್ಯಾಂಡ್‌ಮೇಡ್."

ಸುಳ್ಳೇನಲ್ಲ. ಕೈಕೆಲಸವೇ. ಮೆಟ್ರಿಕ್ ಅಳತೆಯ ಕಾನೂನು 1956ರಲ್ಲಿ ಬಂತು, ಆಮೇಲೆ ಇದರಲ್ಲಿ ಅಳೆದು ಮಾರಿದರೆ ಕೇಸು. ಇದನ್ನೇ ಮಾರಿದರೆ ಆಂಟಿಕ್. ನನ್ನ ಮುತ್ತಜ್ಜನಿಗೆ ಅಕ್ಕಿಯಲ್ಲಿ ಮೋಸ ಮಾಡಿದ ಇಂಥದ್ದೊಂದು ಪಾತ್ರೆಗೆ ನಾನು 2,600 ರೂಪಾಯಿ ಎಣಿಸಿಕೊಟ್ಟೆ. ಚೌಕಾಸಿ ಮಾಡಿ 100 ಕಡಿಮೆ ಮಾಡಿಸಿದೆ ಅನ್ನುವ ಹೆಮ್ಮೆ ಬೇರೆ.

ಮೂಲೆಯಲ್ಲಿ ಹೆಂಚುಗಳು ಜೋಡಿಸಿಟ್ಟಿದ್ದವು. ನಮ್ಮದೇ ಮಂಗಳೂರು ಹೆಂಚು. ಬಾಸೆಲ್ ಮಿಶನ್ನಿನವರು ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅವರ ಹೆಂಚಿನ ಮೇಲೆ ಆ ವರ್ಷವನ್ನು ಒತ್ತುವ ಪದ್ಧತಿ ಇತ್ತು. ಅಂಗಡಿಯವರು ಬೆರಳಿಟ್ಟು ತೋರಿಸಿದರು: "ನೋಡಿ ಸರ್, 1865ರ ಪೀಸು." ಅದು ಕಾರ್ಖಾನೆ ಶುರುವಾದ ವರ್ಷ ಅಲ್ವಾ ಅಂದೆ. ಹೋಟೆಲಿನ ಬೋರ್ಡಿನಲ್ಲಿ ಸ್ಥಾಪನೆ 1950 ಅಂತ ಬರೆದರೆ ಇವತ್ತಿನ ಇಡ್ಲಿ 1950ರದ್ದಾ? ಅವರು ಸ್ವಲ್ಪ ಯೋಚಿಸಿ, "ಕೆಲವು ಹೋಟೆಲಲ್ಲಿ ಹೌದು" ಅಂದರು. ಅಲ್ಲಿಗೆ ನಾನು ಸೋತೆ.

ವಯಸ್ಸಿನ ಲೆಕ್ಕದಲ್ಲಿ ಈ ವ್ಯಾಪಾರ ಸಿನಿಮಾ ನಟಿಯರಿಗಿಂತ ನಾಜೂಕು. ನಮ್ಮಲ್ಲಿ 1972ರ ಪುರಾತನ ವಸ್ತುಗಳ ಕಾಯ್ದೆ ಅಂತ ಒಂದು ಉಂಟು. ವಸ್ತುವಿಗೆ 100 ವರ್ಷ ತುಂಬಿದರೆ ಅದು ಪುರಾತನ. ಓಲೆಗರಿ, ಹಸ್ತಪ್ರತಿಗಾದರೆ 75 ಸಾಕು. ಅಂಥದ್ದನ್ನು ಮಾರುವವರಿಗೆ ಲೈಸೆನ್ಸ್ ಬೇಕು, ದೇಶದಿಂದ ಹೊರಗೆ ಸಾಗಿಸುವ ಹಾಗಿಲ್ಲ. ಹಾಗಾಗಿ ಒಂದೇ ಪೆಟ್ಟಿಗೆಗೆ ಎರಡು ಜಾತಕ. ಗಿರಾಕಿ ಬಂದರೆ 150 ವರ್ಷ, ಟಿಪ್ಪುವಿನ ಕಾಲಕ್ಕೂ ಸ್ವಲ್ಪ ಎಳೆಯಬಹುದು. ಅಧಿಕಾರಿ ಬಂದರೆ ಪೆಟ್ಟಿಗೆಗೆ 60, ನಿನ್ನೆ ಮೊನ್ನೆ ಹುಟ್ಟಿದ ಕೂಸು. ದೀಪಾವಳಿಗೆ ವಾರ್ನಿಷ್ ಹೊಡೆದ ಹೊಸ ಪೆಟ್ಟಿಗೆಯಾದರೆ ಎರಡೂ ಸುಳ್ಳು, ಆದರೆ ಕಾನೂನಿನ ತೊಂದರೆ ಇಲ್ಲ.

ಕೆಲವಕ್ಕೆ ಅಷ್ಟು ಕೂಡ ಬೇಡ. ಫಳಫಳ ಹೊಳೆಯುವ ಹಿತ್ತಾಳೆ ಕೊಳವೆಯ ಗ್ರಾಮಫೋನು, ಮೇಲೊಂದು ನಾಯಿಯ ಸ್ಟಿಕ್ಕರ್. ಅದರ ಹಾಡು ಗ್ರಾಮಫೋನಿಗಿಂತ ನಾಯಿಯದ್ದೇ ಜಾಸ್ತಿ ಅನ್ನಿಸುತ್ತದೆ. ರಾಮ, ಸೀತೆ, ಹನುಮಂತರ ಚಿತ್ರ ಇರುವ ಈಸ್ಟ್ ಇಂಡಿಯಾ ಕಂಪನಿಯ 1818ರ ನಾಣ್ಯ. ಕಂಪನಿ ಅಂಥ ನಾಣ್ಯ ಹೊರಡಿಸಿದ್ದೇ ಇಲ್ಲ, ಆದರೂ ಊರಿಗೆ ನಾಲ್ಕು ಜನರ ಕಪಾಟಿನಲ್ಲಿ ಉಂಟು. ಒಬ್ಬರಂತೂ ಕೋಟಿ ರೂಪಾಯಿಯ ಗಿರಾಕಿಗೆ ಕಾಯುತ್ತಾ ರಿಟೈರ್ ಆದರು.

ನನಗೆ ನಗು ಬರುವುದು ಅಂಗಡಿಯವರ ಮೇಲಲ್ಲ. ಅವರದ್ದು ಹೊಟ್ಟೆಪಾಡು. ನಾವು ಮಾಡುವುದು ನೋಡಿ. ಚೌಕಿ ಮನೆ ಕೆಡವುತ್ತೇವೆ. ಕಂಬ, ಮುಚ್ಚಿಗೆ, ದಾರಂದ ಎಲ್ಲ ಲಾರಿಗೆ. ಆ ಜಾಗದಲ್ಲಿ ಹೆರಿಟೇಜ್ ಅಂತ ಹೆಸರಿಟ್ಟು ಹನ್ನೆರಡು ಮಹಡಿ ಎಬ್ಬಿಸುತ್ತೇವೆ. ಲಿಫ್ಟಿನ ಎದುರು ಖಾಲಿ ಖಾಲಿ ಕಾಣುತ್ತದೆ ಅಂತ ಹೋಗಿ ಒಂದು ಹಳೆ ಕಂಬ ಕೊಂಡು ತರುತ್ತೇವೆ. ಕಂಬಕ್ಕೆ ಹೊರಲು ಏನೂ ಇಲ್ಲ, ಸುಮ್ನೆ ನಿಂತಿದೆ. ಕಡೆಯುವ ಕಲ್ಲು ರೆಸಾರ್ಟಿನ ಹುಲ್ಲಿನ ಮೇಲೆ, ಅದರ ಗುಂಡಿಯಲ್ಲಿ ತಾವರೆ. ಗಾಡಿಚಕ್ರ ಹೋಟೆಲಿನ ಗೋಡೆಗೆ. ಆ ಹೋಟೆಲಿನಲ್ಲಿ ಗಂಜಿ, ಚಟ್ನಿಗೆ 350 ರೂಪಾಯಿ. ಮಡಕೆಯಲ್ಲಿ ಬರುತ್ತದೆ, ಚಮಚ ಕೇಳಿದರೆ ಮುಖ ಸಣ್ಣ ಮಾಡುತ್ತಾರೆ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅಂತ ಇದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ಊರಿನವರು ಹಳೆ ಮನೆಗಳನ್ನು ಸೌದೆ ಲೆಕ್ಕದಲ್ಲಿ ಮಾರುತ್ತಿದ್ದಾಗ ಅವರು ಇಡೀ ಇಡೀ ಮನೆಗಳನ್ನೇ ಬಿಚ್ಚಿಸಿ ತಂದು ಮತ್ತೆ ನಿಲ್ಲಿಸಿದರು. ಅದೇ ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ಅವರು ತೀರಿಕೊಂಡದ್ದು 2017ರಲ್ಲಿ. ನಾವು ಟಿಕೆಟ್ ಮಾಡಿಸಿ ಹೋಗುತ್ತೇವೆ, ಜಗಲಿಯ ತಂಪಿಗೆ "ಆಹಾ" ಅನ್ನುತ್ತೇವೆ, ವಾಪಸ್ ಬರುವಾಗ ಕಾರಿನಲ್ಲಿ ಕೂತು ಜೆಸಿಬಿಯವನಿಗೆ ಫೋನು ಮಾಡಿ ನಮ್ಮದು ಯಾವಾಗ ಅಂತ ಕೇಳುತ್ತೇವೆ.

ಮನೆಗಳನ್ನು ಬಿಡಿ, ಇಡೀ ಮಂಗಳೂರಿನದ್ದೇ ಈ ಚಾಳಿ. ಹಂಪನಕಟ್ಟೆಯಲ್ಲಿ ಗಡಿಯಾರದ ಗೋಪುರ ಇತ್ತು. ರಸ್ತೆಗೆ ಅಡ್ಡ ಅಂತ ಕೆಡವಿದೆವು. ಎಷ್ಟೋ ವರ್ಷ ಗೋಪುರವಿಲ್ಲದ ಜಾಗಕ್ಕೂ ಕ್ಲಾಕ್ ಟವರ್ ಅಂತಲೇ ಕರೆದೆವು, ಬಸ್ಸು ಅಲ್ಲೇ ನಿಂತಿತು. ಆಮೇಲೆ ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಅಲ್ಲಿಯೇ ಹೊಸ ಗೋಪುರ ಕಟ್ಟಿದೆವು. ನೋಡಲು ಹಳೆಯದರ ಹಾಗೆ ಇರಬೇಕು ಅಂತ ಆಸೆ. ನಮ್ಮ ಹಂಡೆಯ ಕತೆಯೇ, ಸೈಜು ಮಾತ್ರ ದೊಡ್ಡದು.

ಇದಕ್ಕಿಂತ ಮುಂದೆ ಹೋದವರು ನನ್ನ ಗೆಳೆಯರೊಬ್ಬರು. ಕದ್ರಿಯಲ್ಲಿ ಒಂಬತ್ತನೇ ಮಹಡಿ. ಅವರು ವಸ್ತು ಕೊಳ್ಳುವುದು ಬಿಟ್ಟು ಹಿರಿಯರನ್ನೇ ಕೊಳ್ಳಲು ಶುರು ಮಾಡಿದ್ದಾರೆ. ಹಾಲ್‌ನಲ್ಲಿ ರುಮಾಲು ಸುತ್ತಿದ ಯಾರದ್ದೋ ಅಜ್ಜನ ಕಪ್ಪುಬಿಳುಪು ಫೋಟೋ ತೂಗುತ್ತಿದೆ. ಬಾಗಿಲಿನಲ್ಲಿ ಹಿತ್ತಾಳೆಯ ಒಂದು ಸಣ್ಣ ಕೊಪ್ಪರಿಗೆ, ನೀರು ತುಂಬಿ ಹೂವಿನ ಪಕಳೆ ತೇಲಿಬಿಟ್ಟದ್ದು. ಅದರ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಎರಡು ಅಕ್ಷರ: ಮ. ದೇ. ಹಿಂದೆ ಪಾತ್ರೆ ಕೊಂಡರೆ ಅಂಗಡಿಯ ಎದುರೇ ಕೂತವನ ಹತ್ತಿರ ಉಳಿಯಲ್ಲಿ ಹೀಗೆ ಹೆಸರು ಹೊಡೆಸುತ್ತಿದ್ದರು, ನೆನಪಿರಬಹುದು.

"ಮಹಾಲಕ್ಷ್ಮಿ ದೇವಿ. ಇವರ ಅಜ್ಜನ ತಾಯಿ" ಅಂತ ಗೆಳೆಯರ ಹೆಂಡತಿ ಬಂದವರಿಗೆಲ್ಲ ಹೇಳುತ್ತಾರೆ. ಮೊದಲ ಸಲ ಹೋದಾಗ ಅಜ್ಜಿಗೆ ಬರೀ ಹೆಸರಿತ್ತು. ಎರಡನೇ ಸಲಕ್ಕೆ ಅವರು ಕಾಶಿಗೆ ಹೋಗಿ ಬಂದಿದ್ದರು. ಮೂರನೇ ಸಲ, 1923ರ ನೆರೆಯಲ್ಲಿ ಬಂಟ್ವಾಳ ಮುಳುಗಿದಾಗ ಇದೇ ಕೊಪ್ಪರಿಗೆಯಲ್ಲಿ ಗಂಜಿ ಬೇಯಿಸಿ ನೂರು ಜನರಿಗೆ ಬಡಿಸಿದ್ದರು. ಕೊಪ್ಪರಿಗೆಯಲ್ಲಿ ಹಿಡಿಯುವುದು ಇಪ್ಪತ್ತು ಜನರ ಗಂಜಿ. ನಾನು ಬಾಯಿ ಬಿಡಲಿಲ್ಲ, ಕಾಫಿ ಚೆನ್ನಾಗಿತ್ತು.

ಕಳೆದ ವಾರ ಊರಿನಿಂದ ಗೆಳೆಯರ ಸೋದರಮಾವ ಬಂದಿದ್ದರು. ಎಂಬತ್ತು ದಾಟಿದವರು. ಚಪ್ಪಲಿ ಕಳಚುವಾಗ ಕೊಪ್ಪರಿಗೆ ಕಣ್ಣಿಗೆ ಬಿತ್ತು. ಕನ್ನಡಕ ಮೇಲೆ ಮಾಡಿ, ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದರು.

"ನೀರು ಚೆಲ್ಲು. ಅಡಿ ಮೇಲೆ ಮಾಡು" ಅಂದರು.

ಪಕಳೆ, ನೀರು ಬಕೆಟಿಗೆ ಹೋಯಿತು. ಅಡಿಯಲ್ಲಿ ಅದೇ ಚುಕ್ಕಿ ಅಕ್ಷರದಲ್ಲಿ: ನಂ. 14.

"ದೇವಸ್ಥಾನದ ಪಾತ್ರೆ ಮಾರಾಯ ಇದು. ಮ. ದೇ. ಅಂದ್ರೆ ಯಾವುದೋ ಮಹಾಲಿಂಗೇಶ್ವರ ದೇವಸ್ಥಾನ. ಮದುವೆ, ಉಪನಯನಕ್ಕೆ ಕೊಡ್ತಿದ್ರು. ನಂಬ್ರ ಹಾಕದಿದ್ರೆ ತಿರುಗಿ ಬರೋದಿಲ್ಲ ಅಂತ ನಂಬ್ರ."

"ಅದು ಅಜ್ಜಿಯದ್ದು ಮಾವ" ಅಂದರು ಗೆಳೆಯರ ಹೆಂಡತಿ, ಸ್ವಲ್ಪ ಸಣ್ಣ ದನಿಯಲ್ಲಿ.

"ಅಜ್ಜಿಗೆ ನಂಬ್ರ ಹಾಕಿದ್ದು ನಾನೆಲ್ಲೂ ಕಂಡಿಲ್ಲ."

ಯಾರೂ ಮಾತಾಡಲಿಲ್ಲ. ಮಾವ ಒಳಗೆ ಹೋಗಿ ಫ್ಯಾನಿನ ಕೆಳಗೆ ಕೂತರು. ಗೆಳೆಯರು ಮಾತ್ರ ಫೋನು ಹಿಡಿದು ಬಾಲ್ಕನಿಗೆ ಹೋದರು. ನಾಚಿಕೆಯಾಗಿರಬೇಕು, ಪಾತ್ರೆ ವಾಪಸ್ ಮಾಡಲು ವಿಚಾರಿಸುತ್ತಿದ್ದಾರೆ ಅಂದುಕೊಂಡೆ. ಗಾಳಿಗೆ ಬಾಗಿಲು ಸ್ವಲ್ಪ ತೆರೆಯಿತು.

"ಹಲೋ, ಅವತ್ತು ಕೊಪ್ಪರಿಗೆ ತಗೊಂಡಿದ್ದೆನಲ್ಲ... ಹೌದು, ಅದೇ. ನಂಬ್ರ 13 ಉಂಟಾ ನಿಮ್ಮಲ್ಲಿ? ಸೆಟ್ ಮಾಡ್ಬೇಕಿತ್ತು."